ಕಂಡದ್ದು ಮತ್ತು ಕಲ್ಪಿಸಿದ್ದು

ಮಳೆಗಾಲದ ಮುಂಜಾನೆ ಸಕಲೇಶಪುರದ ಬೆಟ್ಟಗಳನ್ನು ನೋಡಿದವರಿಗೆ ಒಂದು ವಿಚಿತ್ರ ದೃಶ್ಯ ಪರಿಚಿತವಾಗಿರುತ್ತದೆ. ಕಣಿವೆಯನ್ನು ತುಂಬಿದ ಮಂಜಿನ ಮೇಲೆ ಬೆಟ್ಟದ ನೆತ್ತಿಯೊಂದು ಬುಡವಿಲ್ಲದೆ ತೇಲುತ್ತದೆ. ಕಾಫಿ ತೋಟದ ನೆರಳುಮರಗಳು ಕಾಂಡವನ್ನು ಕಳೆದುಕೊಂಡು ಬರಿಯ ಕೊಂಬೆಗಳಾಗಿ ಗಾಳಿಯಲ್ಲಿ ನಿಲ್ಲುತ್ತವೆ. ಕಣ್ಣು ಕಂಡದ್ದು ನಿಜ. ಆದರೂ ಬುದ್ಧಿ ಅದನ್ನು ನಂಬಲು ಹಿಂಜರಿಯುತ್ತದೆ. ಹೀಗೆ ವಾಸ್ತವದ ತುಣುಕುಗಳಿಂದಲೇ ಕನಸಿನಂಥ ಲೋಕವೊಂದನ್ನು ಕಟ್ಟುವ ಕಲೆಗೆ ಅತಿವಾಸ್ತವ ಕಲೆಯೆಂದು ಹೆಸರು. 1924ರಲ್ಲಿ ಫ್ರೆಂಚ್ ಕವಿ ಆಂದ್ರೆ ಬ್ರೆತಾನ್ ಪ್ರಕಟಿಸಿದ ಪ್ರಣಾಳಿಕೆಯಿಂದ ಈ ಪಂಥ ಪ್ರಸಿದ್ಧಿಗೆ ಬಂದಿತು. ಕಾವ್ಯ, ಚಿತ್ರಕಲೆಗಳಲ್ಲದೆ ಛಾಯಾಚಿತ್ರಕ್ಕೂ ಹಬ್ಬಿತು.

ಈ ಬಗೆಯ ಛಾಯಾಚಿತ್ರಕಾರರಲ್ಲಿ ಅಮೆರಿಕದ ಜೆರ್ರಿ ಯೂಲ್ಸ್‌ಮನ್ (1934–2022) ಅಗ್ರಗಣ್ಯರು. ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದ ಅವರ ಚಿತ್ರಗಳು 1967ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶಿತವಾದವು. ಬೇರುಸಹಿತವಾಗಿ ನೀರಿನ ಮೇಲೆ ತೇಲುವ ಮರ, ಛಾವಣಿಯ ಜಾಗದಲ್ಲಿ ಮೋಡ ಕವಿದ ಓದುಕೋಣೆ—ಇಂಥವು ಅವರ ಚಿತ್ರಗಳು. ಕತ್ತಲೆಕೋಣೆಯಲ್ಲಿ ನೆಗೆಟಿವಿನ ಬಿಂಬವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಯಂತ್ರಗಳನ್ನು ಅವರು ಸಾಲಾಗಿ ನಿಲ್ಲಿಸುತ್ತಿದ್ದರು. ಒಂದರಲ್ಲಿ ಮರದ ನೆಗೆಟಿವ್, ಇನ್ನೊಂದರಲ್ಲಿ ನೀರಿನದು, ಮತ್ತೊಂದರಲ್ಲಿ ಮೋಡದ್ದು. ಒಂದೇ ಕಾಗದವನ್ನು ಯಂತ್ರದಿಂದ ಯಂತ್ರಕ್ಕೆ ಒಯ್ದು, ಬೇಡವಾದ ಭಾಗಕ್ಕೆ ಬೆಳಕು ತಾಕದಂತೆ ಮರೆಮಾಡಿ, ಚಿತ್ರವನ್ನು ತುಣುಕು ತುಣುಕಾಗಿ ಮೂಡಿಸುತ್ತಿದ್ದರು. ಗಣಕಯಂತ್ರಗಳು ಈ ಕೆಲಸವನ್ನು ಸುಲಭಗೊಳಿಸಿದ ಮೇಲೆಯೂ ಅವರು ಕತ್ತಲೆಕೋಣೆಯನ್ನು ಬಿಡಲಿಲ್ಲ.

ಇಂಥ ಕೈಚಳಕದಿಂದ ಮಲೆನಾಡಿನ ವಿದ್ಯಾರ್ಥಿಗೆ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ಛಾಯಾಚಿತ್ರದ ಧರ್ಮವೇ ಸತ್ಯ. ಇಲ್ಲದ್ದನ್ನು ಇರುವಂತೆ ತೋರಿಸುವುದು ಸುಳ್ಳಲ್ಲವೆ ಎಂಬುದು ಅವರ ವಾದ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಕಲೇಶಪುರಕ್ಕೆ ನೆರೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಲೇಖಕರಾಗಿದ್ದಂತೆಯೇ ಹಕ್ಕಿಗಳ ಛಾಯಾಗ್ರಾಹಕರೂ ಆಗಿದ್ದರು. ಅಂಥ ಚಿತ್ರಗಳ ಬೆಲೆಯಿರುವುದು ಹಕ್ಕಿ ಇದ್ದಂತೆಯೇ ಕಾಣುವುದರಲ್ಲಿ. ನಿಸರ್ಗ ಛಾಯಾಚಿತ್ರದ ಸ್ಪರ್ಧೆಗಳಲ್ಲಿ ಒಂದು ಚಿತ್ರದ ಭಾಗವನ್ನು ಇನ್ನೊಂದಕ್ಕೆ ಜೋಡಿಸುವುದು ನಿಷಿದ್ಧವಾಗಿರುವುದೂ ಇದೇ ಕಾರಣದಿಂದ.

ಆದರೆ ಸತ್ಯವನ್ನು ಹೇಳುವ ದಾರಿ ಒಂದೇ ಅಲ್ಲ. ಹಾಸನ ಜಿಲ್ಲೆಯದೇ ಆದ ಹಳೇಬೀಡಿನ ದೇವಾಲಯದ ಹೊರಗೋಡೆಯಲ್ಲಿ ಮಕರಗಳ ಸಾಲೊಂದಿದೆ. ಹೊಯ್ಸಳ ಶಿಲ್ಪಿಯು ಒಂದು ಪ್ರಾಣಿಯ ಸೊಂಡಿಲನ್ನು ಮತ್ತೊಂದರ ಬಾಯಿಗೂ ಇನ್ನೊಂದರ ಬಾಲಕ್ಕೂ ಕೂಡಿಸಿ, ಯಾವ ಕಾಡಿನಲ್ಲಿಯೂ ಇಲ್ಲದ ಜೀವಿಯನ್ನು ಕಡೆದನು. ಯಾರೂ ಅದನ್ನು ಸುಳ್ಳೆನ್ನುವುದಿಲ್ಲ. ಕವಿಯು ಮುಖವನ್ನು ಕಮಲವೆಂದಾಗ ವಿದ್ಯಾರ್ಥಿಗಳು ಅದನ್ನು ರೂಪಕಾಲಂಕಾರವೆಂದು ಗುರುತಿಸುತ್ತಾರೆಯೇ ಹೊರತು ಕವಿ ಮೋಸಮಾಡಿದನೆಂದು ದೂರುವುದಿಲ್ಲ. ಯೂಲ್ಸ್‌ಮನ್ನರ ಚಿತ್ರವೂ ಬೆಳಕಿನಿಂದ ಬರೆದ ರೂಪಕವೇ. ಅತಿವಾಸ್ತವವೆಂಬ ಹೆಸರು ಹೊರಗಿನದಾದರೂ ಆ ದೃಷ್ಟಿ ಈ ನೆಲಕ್ಕೆ ಹೊಸದಲ್ಲ.

ಹಾಗಾದರೆ ಇಂಥ ಕಲಾವಿದನ ಕೃತಿಗಳನ್ನು ಅಭ್ಯಾಸ ಮಾಡುವುದು ಹೇಗೆ? ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಮೂರು ಪ್ರಶ್ನೆಗಳನ್ನು ಕೇಳಬೇಕು. ಬೆಳಕು ಯಾವ ದಿಕ್ಕಿನಿಂದ ಬಂದಿದೆ? ಎರಡು ವಸ್ತುಗಳು ಎಲ್ಲಿ ಕೂಡಿವೆ? ಆ ಎರಡನ್ನೇ ಕೂಡಿಸಿದ್ದೇಕೆ? ಮರದ ನೆರಳು ಎಡಕ್ಕೂ ಬಂಡೆಯ ನೆರಳು ಬಲಕ್ಕೂ ಬಿದ್ದಿದ್ದರೆ ಕನಸು ಅಲ್ಲಿಯೇ ಒಡೆಯುತ್ತದೆ. ಆದುದರಿಂದ ಕಲ್ಪನೆಯ ಚಿತ್ರವನ್ನು ರಚಿಸುವವನು ವಾಸ್ತವವನ್ನು ಇತರರಿಗಿಂತ ಹೆಚ್ಚು ಎಚ್ಚರದಿಂದ ನೋಡಲೇಬೇಕಾಗುತ್ತದೆ. ಮೊದಲೆರಡು ಪ್ರಶ್ನೆಗಳು ಕುಶಲತೆಯನ್ನು ಕಲಿಸುತ್ತವೆ. ಮೂರನೆಯದು ಕಲೆಯನ್ನು ಕಲಿಸುತ್ತದೆ.

ಈ ಮೂರನೆಯ ಪ್ರಶ್ನೆಯನ್ನು ಮರೆತವನು ಬರಿಯ ಅನುಕರಣೆಗೆ ಇಳಿಯುತ್ತಾನೆ. ತೇಲುವ ಮರವನ್ನು ಕಂಡು ತಾನೂ ಮರವನ್ನು ತೇಲಿಸಿದರೆ, ಅದು ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ. ಗುರುವಿನಿಂದ ಪಡೆಯಬೇಕಾದುದು ನೋಟ. ವಸ್ತುವನ್ನು ತನ್ನ ಊರಿನಲ್ಲಿಯೇ ಅರಸಬೇಕು. ಆಲೂರಿನ ಹುಡುಗಿಯೊಬ್ಬಳು ಬಿಸಿಲಿಗೆ ಬಿರಿದ ಗದ್ದೆಯನ್ನೂ ತನ್ನ ಅಜ್ಜಿಯ ಅಂಗೈಯ ಗೆರೆಗಳನ್ನೂ ಒಂದಾಗಿಸಿದರೆ ಅದು ಅವಳದೇ ಚಿತ್ರವಾಗುತ್ತದೆ. ಹೂಮಳೆಯ ತರುವಾಯ ಕಾಫಿಗಿಡಗಳು ಕೆಲವೇ ದಿನ ಬೆಳ್ಳಗೆ ಅರಳುತ್ತವೆ. ಆ ಬಿಳುಪು ಮನೆಯಂಗಳಕ್ಕೆ ಹರಿದುಬಂದಂತೆ ಕಲ್ಪಿಸಬಹುದು. 1792ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಮಂಜರಾಬಾದ್ ಕೋಟೆಯ ಗೋಡೆಯ ಬಳಿ ನಿಂತವನಿಗೆ ಕಲ್ಲು ಮಾತ್ರ ಕಾಣುತ್ತದೆ. ಎತ್ತರದಿಂದ ನೋಡಿದರೆ ಅದು ನಕ್ಷತ್ರ. ನಿಂತ ನೆಲೆ ಬದಲಾದರೆ ವಸ್ತುವೇ ಬದಲಾದಂತೆ ತೋರುತ್ತದೆಂಬ ಪಾಠಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಇನ್ನೊಂದು ನಿದರ್ಶನ ಇದಕ್ಕಿಂತ ಗಂಭೀರವಾದುದು. ಸಕಲೇಶಪುರವನ್ನು ಹಾದು ಹರಿಯುವ ಹೇಮಾವತಿಗೆ ಗೊರೂರಿನ ಬಳಿ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ಆವರಿಸಿತು. ಜಲಾಶಯ ತುಂಬಿದಾಗ ಅದರ ಗೋಡೆಗಳು ನೀರಿನೊಳಗಿಂದ ಎದ್ದಂತೆ ಕಾಣುತ್ತವೆ. ಯಾವ ಕತ್ತಲೆಕೋಣೆಯೂ ಇದಕ್ಕಿಂತ ಅದ್ಭುತವಾದ ಚಿತ್ರವನ್ನು ಕಲ್ಪಿಸಲಾರದು. ನೂರಾರು ಜನ ಅದರ ಚಿತ್ರ ತೆಗೆದು ಹೋಗುತ್ತಾರೆ. ಆದರೆ ಅಲ್ಲಿ ಮನೆ, ಹೊಲ, ಪ್ರಾರ್ಥನೆಯ ಸ್ಥಳಗಳನ್ನು ಬಿಟ್ಟುಹೋದ ಜನರನ್ನು ನೆನೆಯದವನಿಗೆ ದೊರೆಯುವುದು ಸೊಗಸು ಮಾತ್ರ. ಆ ನೆನಪನ್ನು ತನ್ನ ಚಿತ್ರದಲ್ಲಿ ತರಬಲ್ಲವನು ನಿಜವಾದ ಕಲಾವಿದ.

ಕೊನೆಯದಾಗಿ ಪ್ರಾಮಾಣಿಕತೆಯ ಮಾತು. ಇಂದು ಮೊಬೈಲ್ ಫೋನಿನಲ್ಲಿ ಕ್ಷಣಾರ್ಧದಲ್ಲಿ ಚಿತ್ರಗಳನ್ನು ಬೆಸೆಯಬಹುದು. ಕೃತಕ ಬುದ್ಧಿಮತ್ತೆಗೆ ಕ್ಯಾಮೆರಾವೂ ಬೇಕಿಲ್ಲ. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗದ ಮೇಲೆ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಅಂಥ ಹೊತ್ತಿನಲ್ಲಿ ಯಾರಾದರೂ ಕುಸಿಯದ ಗುಡ್ಡವನ್ನು ಕುಸಿದಂತೆ ಜೋಡಿಸಿ ಹರಡಿದರೆ ಅದು ಕಲೆಯಲ್ಲ, ಅಪರಾಧ. ಮಕರವು ತಾನು ಮಕರವೆಂದು ಸಾರಿಕೊಂಡೇ ನಿಂತಿದೆ. ತೇಲುವ ಮರವೂ ತಾನು ಕನಸೆಂದು ಒಪ್ಪಿಕೊಂಡೇ ತೇಲುತ್ತದೆ. ಕಲ್ಪಿಸಿದ್ದನ್ನು ಕಲ್ಪನೆಯೆಂದು, ಕಂಡದ್ದನ್ನು ಕಂಡದ್ದೆಂದು ಹೇಳುವ ಧೈರ್ಯವುಳ್ಳವನ ಕೈಯಲ್ಲಿ ಮಾತ್ರ ಕ್ಯಾಮೆರಾ ಎರಡು ಬಗೆಯ ಸತ್ಯಕ್ಕೂ ಸಾಧನವಾಗುತ್ತದೆ.