ಬಿಡುವ ಹಕ್ಕು, ಹೇಳುವ ಹಕ್ಕು



ಈ ಸಲದ ಸಂಪಾದಕೀಯವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ತಪ್ಪು ನನ್ನದೇ.

ಎರಡು ವರ್ಷದ ಹಿಂದಿನ ಮಾತು. ಇಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು, ಬಾಡಿಗೆ ಹಾಲ್‌ನ ಮೂಲೆಯಲ್ಲಿ ಬಿಸಿಬೇಳೆಭಾತಿನ ತಟ್ಟೆ ಹಿಡಿದು ನಾಲ್ಕೈದು ಜನ ಹರಟುತ್ತಿದ್ದೆವು. ಮಾತು ಧರ್ಮದ ಕಡೆ ತಿರುಗಿತು. "ಮುಸ್ಲಿಮರಲ್ಲಿ ಪ್ರಶ್ನೆ ಕೇಳುವವರೇ ಇಲ್ಲ ಬಿಡಿ" ಅಂತ ಒಬ್ಬರು ತೀರ್ಪು ಕೊಟ್ಟರು. ನಾನು ಸುಮ್ಮನಿರಬಹುದಿತ್ತು. "ಯಾಕಿಲ್ಲ? ನಮ್ಮ ಇಂಥವನೇ ಇದ್ದಾನಲ್ಲ, ನಂಬಿಕೆ ಬಿಟ್ಟು ಹತ್ತು ವರ್ಷವಾಯಿತು" ಎಂದೆ. ಹೆಸರನ್ನೂ ಹೇಳಿದೆ. ಮೆಚ್ಚುಗೆಯಿಂದಲೇ ಹೇಳಿದ್ದು. ಆದರೆ ಗೆಳೆಯ ನನ್ನೊಬ್ಬನಲ್ಲಿ ಹೇಳಿಕೊಂಡಿದ್ದ ಸಂಗತಿ ಅದು ಎಂಬುದು ಆ ಗಳಿಗೆಯಲ್ಲಿ ಮರೆತೇಹೋಗಿತ್ತು.

ಮೂರು ವಾರದಲ್ಲಿ ಮಾತು ಕರಾವಳಿಯ ಅವನ ಊರು ಮುಟ್ಟಿತು. ಕೊಲ್ಲಿಯಲ್ಲಿರುವ ಅಣ್ಣನಿಂದ ಫೋನ್ ಬಂತು. ತಂಗಿಗೆ ಗೊತ್ತು ಮಾಡಿದ್ದ ಗಂಡಿನ ಕಡೆಯವರು "ಅಣ್ಣನ ವಿಷಯ ಕೇಳಿದ್ದು ನಿಜವೇ?" ಎಂದು ವಿಚಾರಿಸಿದರಂತೆ. ಉಮ್ಮ ಎರಡು ದಿನ ಅನ್ನ ಮುಟ್ಟಲಿಲ್ಲ. ಕೊನೆಗೆ ಇವನು ರಜೆ ಹಾಕಿ ಊರಿಗೆ ಹೋಗಿ, ಶುಕ್ರವಾರ ಮಸೀದಿಯಲ್ಲಿ ಅಣ್ಣನ ಪಕ್ಕ ಸಾಲಿನಲ್ಲಿ ನಿಂತು ಬಂದ. ತಂಗಿಯ ಮದುವೆಯಾಯಿತು. ವಾಪಸು ಬಂದ ಮೇಲೆ ನನಗೆ ಹೇಳಿದ್ದು ಎರಡೇ ಮಾತು: "ನೀನು ಹೇಳಿದ್ದು ಸುಳ್ಳಲ್ಲ. ಆದರೆ ಅದನ್ನು ಹೇಳಬೇಕಾದವನು ನಾನಾಗಿದ್ದೆ."

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ಉದ್ಯೋಗ ಬರೆದಿಲ್ಲ, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅದು ಅವನ ಷರತ್ತು.

ಇನ್ನೊಬ್ಬ ಗೆಳೆಯ ಮಂಗಳೂರು ಕಡೆಯ ಕ್ಯಾಥೊಲಿಕ್. ಜರ್ಮನಿಗೆ ಬಂದ ಹೊಸದರಲ್ಲಿ ಎಲ್ಲರಂತೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ. ಫಾರಮ್ಮಿನಲ್ಲಿ ಧರ್ಮ ಯಾವುದು ಎಂಬ ಕಾಲಂ ಇತ್ತು. ಯೋಚಿಸದೆ ಕ್ಯಾಥೊಲಿಕ್ ಎಂದು ಬರೆದ. ಮೊದಲ ಸಂಬಳದ ಚೀಟಿಯಲ್ಲಿ ಒಂದು ಹೊಸ ಕಡಿತ ಕಾಣಿಸಿಕೊಂಡಿತು. ಅದು ಚರ್ಚ್ ತೆರಿಗೆ. ಇಲ್ಲಿ ನೋಂದಾಯಿತ ಕ್ರೈಸ್ತರು ಕಟ್ಟುವ ಆದಾಯ ತೆರಿಗೆಯ ಮೇಲೆ, ನಮ್ಮ ರಾಜ್ಯದಲ್ಲೂ ಬವೇರಿಯಾದಲ್ಲೂ ಶೇಕಡಾ 8, ಉಳಿದ ರಾಜ್ಯಗಳಲ್ಲಿ ಶೇಕಡಾ 9 ಹೆಚ್ಚುವರಿಯಾಗಿ ಹಿಡಿದು ಸರ್ಕಾರ ಚರ್ಚಿಗೆ ಕೊಡುತ್ತದೆ. ಬೇಡ ಎಂದರೆ ಒಂದೇ ದಾರಿ: ಚರ್ಚಿನಿಂದಲೇ ಹೊರಬರುವುದು. ಅದಕ್ಕೆ ಪಾದ್ರಿಯ ಹತ್ತಿರ ಹೋಗಬೇಕಿಲ್ಲ. ಜನನ, ಮರಣ, ಮದುವೆ ದಾಖಲಿಸುವ ಸರ್ಕಾರಿ ಕಚೇರಿಗೆ ಗುರುತಿನ ಚೀಟಿಯೊಂದಿಗೆ ಹೋಗಿ ಒಂದು ಹೇಳಿಕೆಗೆ ಸಹಿ ಹಾಕಿದರೆ ಮುಗಿಯಿತು. ಕಾರಣ ಯಾರೂ ಕೇಳುವುದಿಲ್ಲ.

ಹಾಗೆಂದು ಎಲ್ಲರೂ ತೆರಿಗೆ ಉಳಿಸಲೆಂದೇ ಬಿಡುತ್ತಾರೆ ಎನ್ನುವುದು ಅನ್ಯಾಯದ ಮಾತು. ಜರ್ಮನಿಯ ಬಿಷಪ್ಪರೇ ಮಾಡಿಸಿದ ಅಧ್ಯಯನವೊಂದು 2018ರಲ್ಲಿ ಹೊರಬಂತು. 1946ರಿಂದ 2014ರವರೆಗಿನ ಕಡತಗಳಲ್ಲಿ 1,670 ಧರ್ಮಾಧಿಕಾರಿಗಳ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಆರೋಪ, ಬಲಿಯಾದವರ ಸಂಖ್ಯೆ 3,677. 2022ರ ಒಂದೇ ವರ್ಷದಲ್ಲಿ 5,22,821 ಜನ ಜರ್ಮನಿಯ ಕ್ಯಾಥೊಲಿಕ್ ಚರ್ಚ್ ಬಿಟ್ಟರು. 2024ರಲ್ಲೂ ಈ ಸಂಖ್ಯೆ ಮೂರು ಲಕ್ಷ ದಾಟಿತ್ತು.

ನನ್ನ ಗೆಳೆಯನ ಪ್ರಶ್ನೆ ಇವೆಲ್ಲಕ್ಕಿಂತ ಹಳೆಯದು. ಅವನನ್ನು ಎತ್ತಿ ಆಡಿಸಿದವರು ಪಕ್ಕದ ಮನೆಯ ಹಿಂದೂ ಅಜ್ಜಿ. ಹನ್ನೆರಡು ವರ್ಷದವನಿದ್ದಾಗ ಧರ್ಮೋಪದೇಶದ ತರಗತಿಯಲ್ಲಿ ಎದ್ದು ನಿಂತು, "ಅಜ್ಜಿ ಸ್ವರ್ಗಕ್ಕೆ ಹೋಗ್ತಾರಾ ಟೀಚರ್?" ಎಂದು ಕೇಳಿದನಂತೆ. ತರಗತಿ ಮುಗಿಯುವವರೆಗೆ ಮೊಣಕಾಲೂರಿ ನಿಲ್ಲಿಸಿದರು. 1960ರ ದಶಕದ ವ್ಯಾಟಿಕನ್ ಮಹಾಸಭೆ ಅನ್ಯಮತೀಯರ ಮುಕ್ತಿಯ ಬಗ್ಗೆ ಮೃದುವಾಗಿಯೇ ಮಾತಾಡಿತ್ತು. ಆ ಸುದ್ದಿ ಟೀಚರಿಗೆ ಇನ್ನೂ ತಲುಪಿರಲಿಲ್ಲ, ಅಷ್ಟೆ!

ಸೋಜಿಗವೆಂದರೆ ಮುಸ್ಲಿಂ ಗೆಳೆಯನ ಪ್ರಶ್ನೆಯೂ ಇದೇ. ಅವನಿಗೆ ಕನ್ನಡ ಕಲಿಸಿ, ಕಾಲೇಜಿನ ಮೊದಲ ವರ್ಷದ ಫೀಸನ್ನೂ ಕಟ್ಟಿದವರು ಶಾಲೆಯ ಹಿಂದೂ ಮೇಷ್ಟ್ರು. ಅವರು ತೀರಿಕೊಂಡ ದಿನ ಊರಿನ ಹಿರಿಯರೊಬ್ಬರು, "ಒಳ್ಳೆಯ ಮನುಷ್ಯ, ಆದರೆ ಈಮಾನ್ ಇಲ್ಲದೆ ಹೋದರಲ್ಲ" ಎಂದು ಮರುಗಿದರಂತೆ. ಅಲ್ಲಿಂದ ಶುರುವಾದ ಓದು, ಯೋಚನೆ ಏಳೆಂಟು ವರ್ಷ ನಡೆಯಿತು. ಇಬ್ಬರೂ ದ್ವೇಷದಿಂದ ಹೊರಬಂದವರಲ್ಲ. ತಮಗೆ ಬೇಕಾದ ಒಬ್ಬರಿಗೆ ಜಾಗವಿಲ್ಲದ ಸ್ವರ್ಗವನ್ನು ಒಪ್ಪಿಕೊಳ್ಳಲಾಗದೆ ಹೊರಬಂದವರು.

ಪ್ರಶ್ನೆ ಒಂದೇ, ತೆತ್ತ ಬೆಲೆ ಬೇರೆ. ಕ್ಯಾಥೊಲಿಕ್ ಗೆಳೆಯನಿಗೆ ಬೆಲೆಯೇ ಇರಲಿಲ್ಲ ಎನ್ನಲಾರೆ. 2012ರ ಬಿಷಪ್ಪರ ಆದೇಶದ ಪ್ರಕಾರ ಹೀಗೆ ಬಿಟ್ಟವರಿಗೆ ಸಂಸ್ಕಾರಗಳಿಲ್ಲ, ಯಾವ ಮಗುವಿಗೂ ಜ್ಞಾನಪಿತನಾಗುವಂತಿಲ್ಲ, ಪಶ್ಚಾತ್ತಾಪದ ಸೂಚನೆ ಇಲ್ಲದೆ ಸತ್ತರೆ ಚರ್ಚಿನ ಶವಸಂಸ್ಕಾರವನ್ನೂ ನಿರಾಕರಿಸಬಹುದು. ಚರ್ಚ್ ನಡೆಸುವ ಆಸ್ಪತ್ರೆ, ಶಾಲೆಗಳಲ್ಲಿ ಕೆಲಸ ಮಾಡುವವರು ಬಿಟ್ಟದ್ದಕ್ಕೆ ಕೆಲಸ ಕಳೆದುಕೊಂಡದ್ದೂ ಇದೆ. ಈ ಗೆಳೆಯ ಸಹಿ ಹಾಕಿ ನಾಲ್ಕು ವರ್ಷವಾಯಿತು. ಊರಿನಲ್ಲಿರುವ ಅಮ್ಮನಿಗೆ ಇನ್ನೂ ಹೇಳಿಲ್ಲ. "ಅಮ್ಮ ದಿನಾ ರೋಸರಿ ಹಿಡಿದು ನನಗಾಗಿಯೇ ಪ್ರಾರ್ಥಿಸ್ತಾರೆ ಮಾರಾಯ, ಏನಂತ ಹೇಳಲಿ?" ಎನ್ನುತ್ತಾನೆ. ಆದರೆ ಅವನಿಗೆ ಪ್ರಾಣಭಯವಿಲ್ಲ, ತಂಗಿಯ ಮದುವೆಗೆ ಕುತ್ತಿಲ್ಲ.

ಇಸ್ಲಾಂ ಬಿಡುವವರಿಗೆ ಇಂಥ ಫಾರಮ್ಮೇ ಇಲ್ಲ. ಜರ್ಮನ್ ಸರ್ಕಾರ ಮುಸ್ಲಿಮರನ್ನು ಚರ್ಚ್ ಸದಸ್ಯರಂತೆ ದಾಖಲಿಸುವುದಿಲ್ಲ, ಹಾಗಾಗಿ ಹೆಸರು ತೆಗೆಸುವ ಪ್ರಶ್ನೆಯೂ ಬರುವುದಿಲ್ಲ. ಬಿಟ್ಟೆ ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಬಿಟ್ಟ ಹಾಗೆ, ಹೇಳಿದ ಗಳಿಗೆಯಿಂದಲೇ ತೊಂದರೆ. 2007ರ ಆರಂಭದಲ್ಲಿ ಇರಾನ್ ಮೂಲದ ಮೀನಾ ಅಹದಿ ಮತ್ತು ಸಂಗಡಿಗರು ಇದೇ ಜರ್ಮನಿಯಲ್ಲಿ ಮಾಜಿ ಮುಸ್ಲಿಮರ ಸಂಘ ಕಟ್ಟಿ, ಹೆಸರು, ಭಾವಚಿತ್ರಗಳ ಸಮೇತ ತಾವು ಮತ ಬಿಟ್ಟದ್ದನ್ನು ಪ್ರಕಟಿಸಿದರು. ಬೆದರಿಕೆಗಳು ಬಂದು ಅಹದಿಯವರಿಗೆ ಪೊಲೀಸ್ ರಕ್ಷಣೆ ಕೊಡಬೇಕಾಯಿತು. ಸಂವಿಧಾನ ಕೊಟ್ಟ ಹಕ್ಕನ್ನು ಬಳಸಲು ಪಕ್ಕದಲ್ಲಿ ಪೊಲೀಸ್ ಬೇಕಾಯಿತು ಎಂದರೆ ಆ ಹಕ್ಕು ಅರ್ಧ ಮಾತ್ರ ಸಿಕ್ಕಿದೆ ಎಂದೇ ಅರ್ಥ.

ಬೇರೆ ಕಡೆ ಸ್ಥಿತಿ ಇನ್ನೂ ಕಠಿಣ. ಸೌದಿ ಅರೇಬಿಯಾ, ಇರಾನ್, ಅಫ್ಘಾನಿಸ್ತಾನಗಳಲ್ಲಿ ಮತತ್ಯಾಗಕ್ಕೆ ಮರಣದಂಡನೆ ವಿಧಿಸಲು ಇಂದಿಗೂ ಅವಕಾಶವಿದೆ. ನೈಜೀರಿಯಾದ ನಾಸ್ತಿಕ ಮುಬಾರಕ್ ಬಾಲಾ ಅವರನ್ನು 2020ರಲ್ಲಿ ಬಂಧಿಸಿ, 2022ರಲ್ಲಿ 24 ವರ್ಷದ ಶಿಕ್ಷೆ ವಿಧಿಸಿದರು. ಮೇಲ್ಮನವಿಯಲ್ಲಿ ಶಿಕ್ಷೆ ಇಳಿದು ಅವರು ಹೊರಬಂದದ್ದು 2025ರ ಜನವರಿಯಲ್ಲಿ. ನಮ್ಮ ನೆರೆಯ ಕೊಯಮತ್ತೂರಿನಲ್ಲಿ 2017ರ ಮಾರ್ಚ್‌ನಲ್ಲಿ ಫಾರೂಕ್ ಎಂಬ ನಾಸ್ತಿಕ ಯುವಕನನ್ನು ಕೊಚ್ಚಿ ಕೊಂದರು. ಮಗ ಇದ್ದ ವಿಚಾರವಾದಿ ಸಂಘಟನೆಗೆ ತಾವೂ ಸೇರುವುದಾಗಿ ಅವನ ತಂದೆ ಹೇಳಿದರು. ಸುಡಾನ್ ಮಾತ್ರ 2020ರಲ್ಲಿ ಮತತ್ಯಾಗದ ಮರಣದಂಡನೆಯನ್ನು ರದ್ದು ಮಾಡಿತು. ಅಂದರೆ ಬದಲಾವಣೆ ಅಸಾಧ್ಯವೇನಲ್ಲ.

"ನೋಡಿ, ಇಸ್ಲಾಂ ಎಂದರೇ ಹೀಗೆ" ಎಂದು ಇಲ್ಲಿಗೆ ಓದು ನಿಲ್ಲಿಸಿಬಿಡಬೇಡಿ. ಎಡಿನ್‌ಬರೋದಲ್ಲಿ ಥಾಮಸ್ ಐಕನ್‌ಹೆಡ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯನ್ನು ದೈವನಿಂದನೆಗಾಗಿ 1697ರಲ್ಲಿ ಗಲ್ಲಿಗೇರಿಸಿದವರು ಕ್ರೈಸ್ತರೇ. ಜರ್ಮನಿಯ ಹಾಲೆ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿಯಾನ್ ವೊಲ್ಫ್ ಎಂಬ ತತ್ವಶಾಸ್ತ್ರಜ್ಞ, ಕನ್‌ಫ್ಯೂಷಿಯಸ್‌ನನ್ನು ಮುಂದಿಟ್ಟು ಬೈಬಲ್ಲಿನ ಆಸರೆಯಿಲ್ಲದೆಯೂ ನೀತಿ ಸಾಧ್ಯ ಎಂದು 1721ರಲ್ಲಿ ಉಪನ್ಯಾಸ ಮಾಡಿದರು. 1723ರಲ್ಲಿ ದೊರೆಯ ಅಪ್ಪಣೆ ಬಂತು: 48 ಗಂಟೆಯೊಳಗೆ ರಾಜ್ಯ ಬಿಡು, ಇಲ್ಲವಾದರೆ ಗಲ್ಲು. ಅದೇ ಪ್ರಷ್ಯಾ 1873ರಲ್ಲಿ ಚರ್ಚ್ ಬಿಡಲು ಕಾನೂನು ಮಾಡಿತು. ನಡುವೆ ಕಳೆದದ್ದು 150 ವರ್ಷ. ಈಗ ನನ್ನ ಗೆಳೆಯ ಹದಿನೈದು ನಿಮಿಷದಲ್ಲಿ ಮುಗಿಸಿದ ಸಹಿಯ ಹಿಂದೆ ಅಷ್ಟು ಜನರ ಪಾಡು ಇದೆ. ಆ ಹಕ್ಕನ್ನು ಯಾವ ಚರ್ಚೂ ತಾನಾಗಿ ಕೊಡಲಿಲ್ಲ, ಜನ ಒತ್ತಾಯಿಸಿ ಪಡೆದರು.

ಭಾರತದಲ್ಲಿ ನಮ್ಮ ಸ್ಥಿತಿ ವಿಚಿತ್ರ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಆದರೆ ಆಸ್ತಿ ಹಂಚಿಕೆಯ ಮಾತು ಬಂದಾಗ ಹುಟ್ಟಿದ ಮತವೇ ಕೊರಳಿಗೆ ಬೀಳುತ್ತದೆ. ಕೇರಳದ ಮಾಜಿ ಮುಸ್ಲಿಮರ ಸಂಘದ ಸಫಿಯಾ ಅವರು ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು: ನಂಬಿಕೆ ಇಲ್ಲದ ನನಗೆ ಷರಿಯತ್ ಏಕೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಏಕಿಲ್ಲ? 2024ರ ಏಪ್ರಿಲ್‌ನಲ್ಲಿ ಕೋರ್ಟು ಸರ್ಕಾರಕ್ಕೆ ನೋಟಿಸು ಕೊಟ್ಟಿತು. ಇನ್ನೊಂದು ದಾರಿಯನ್ನು ಕಾಸರಗೋಡು ಜಿಲ್ಲೆಯ ವಕೀಲ ಶುಕ್ಕೂರ್ ದಂಪತಿ ತೋರಿಸಿದರು. ಅವರು ಮತ ಬಿಟ್ಟವರಲ್ಲ. ಹೆಣ್ಣುಮಕ್ಕಳಿಗೇ ಪೂರ್ತಿ ಆಸ್ತಿ ಸಿಗಲೆಂದು 2023ರ ಮಾರ್ಚ್ 8ರಂದು ವಿಶೇಷ ವಿವಾಹ ಕಾಯ್ದೆಯಡಿ ತಮ್ಮ ಮದುವೆಯನ್ನು ಮತ್ತೆ ನೋಂದಾಯಿಸಿಕೊಂಡರು. 

ಎಲ್ಲರೂ ಹೊರಗೆ ಹೋಗಬೇಕಾಗಿಲ್ಲ ಎಂಬುದನ್ನು ನಮ್ಮ ಕನ್ನಡದ ಲೇಖಕಿಯರೇ ತೋರಿಸಿದ್ದಾರೆ. ಅದೇ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಒಳಗಿದ್ದುಕೊಂಡೇ ತಲಾಖಿನ ಕ್ರೌರ್ಯವನ್ನು ಬರೆದರು. ಮಸೀದಿಗೆ ಹೋಗುವ ಹಕ್ಕು ಹೆಂಗಸರಿಗೂ ಇದೆ ಎಂದದ್ದಕ್ಕೆ 2000ನೇ ಇಸವಿಯಲ್ಲಿ ಬಾನು ಮುಷ್ತಾಕ್ ಬಹಿಷ್ಕಾರ ಅನುಭವಿಸಿದರು. 2025ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಚಪ್ಪಾಳೆ ತಟ್ಟಿದ ನಾವು ಆ ಬಹಿಷ್ಕಾರದ ದಿನಗಳಲ್ಲಿ ಎಲ್ಲಿದ್ದೆವು? ಪ್ರಶ್ನಿಸಿ ಒಳಗೆ ಉಳಿಯುವುದೂ, ಪ್ರಶ್ನಿಸಿ ಹೊರಗೆ ಬರುವುದೂ ಅವರವರ ನಿರ್ಧಾರ.

ಈಗ ನಮ್ಮ ಕಡೆ ತಿರುಗೋಣ. ಈ ಪತ್ರವನ್ನು ಓದುವವರಲ್ಲಿ ಹೆಚ್ಚಿನವರು ನನ್ನಂತೆ ಹಿಂದೂ ಮನೆಗಳಲ್ಲಿ ಹುಟ್ಟಿದವರು. ಬೇರೆಯವರು ಅವರ ಮತ ಬಿಟ್ಟರೆ ನಮಗೆ ಒಳಗೊಳಗೇ ಖುಷಿ. ಅಂದು ಹಾಲ್‌ನಲ್ಲಿ ನನ್ನಿಂದ ಮಾತಾಡಿಸಿದ್ದರಲ್ಲಿ ಈ ಖುಷಿಯ ಪಾಲೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಗುಂಡಿಟ್ಟು ಕೊಂದದ್ದು ನಮ್ಮ ನಾಡಿನಲ್ಲೇ. ನಮ್ಮ ಮನೆಯ ಮಗ ಜನಿವಾರ ತೆಗೆದಿಟ್ಟರೆ, ಮಗಳು ಜಾತಿ ಬಿಟ್ಟು ಮದುವೆಯಾದರೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂದು ಕೇಳಿಕೊಳ್ಳದೆ, ಗೆಳೆಯನ ಉಮ್ಮನ ಕಣ್ಣೀರಿನ ಬಗ್ಗೆ ಭಾಷಣ ಮಾಡುವ ಯೋಗ್ಯತೆ ನಮಗಿಲ್ಲ.

ಮತ ಬಿಟ್ಟವರನ್ನೆಲ್ಲ ಪೀಠದ ಮೇಲೆ ಕೂರಿಸುವುದೂ ತಪ್ಪೇ. 2024ರ ಡಿಸೆಂಬರ್‌ನಲ್ಲಿ ಮಾಗ್ಡೆಬರ್ಗ್‌ನ ಕ್ರಿಸ್‌ಮಸ್ ಸಂತೆಯಲ್ಲಿ ಜನರ ಮೇಲೆ ಕಾರು ಹರಿಸಿ ಆರು ಜನರ ಸಾವಿಗೆ ಕಾರಣನಾದವನು ಇಸ್ಲಾಂ ಬಿಟ್ಟಿದ್ದ ಸೌದಿ ಮೂಲದ ವೈದ್ಯ. ಒಂದು ಕಾಲದಲ್ಲಿ ಸೌದಿಯಿಂದ ತಪ್ಪಿಸಿಕೊಳ್ಳುವ ಹೆಂಗಸರಿಗೆ ನೆರವಾಗಿದ್ದವನು. ನಂಬಿಕೆ ಬಿಟ್ಟ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ, ನಂಬಿಕೆ ಇದ್ದ ಮಾತ್ರಕ್ಕೆ ಕೆಟ್ಟವನೂ ಆಗುವುದಿಲ್ಲ. ಬಿಡುವ ಹಕ್ಕನ್ನು ನಾವು ಎತ್ತಿಹಿಡಿಯಬೇಕಾದದ್ದು ಬಿಟ್ಟವರು ದೊಡ್ಡವರೆಂದಲ್ಲ. ಒಬ್ಬರ ಮನಸ್ಸು ಅವರದೇ ಎಂಬ ಕಾರಣಕ್ಕೆ.

ಹಾಗಾದರೆ ನಾವೇನು ಮಾಡಬಹುದು? ಮೂರು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ.

ಒಂದು, ನಮ್ಮ ಕನ್ನಡ ಸಂಘಗಳ ಸದಸ್ಯತ್ವದ ಅರ್ಜಿಯಲ್ಲಿ ಧರ್ಮ, ಜಾತಿ ಸೂಚಿಸುವ ಕಾಲಂ ಎಲ್ಲಾದರೂ ಉಳಿದಿದ್ದರೆ ತೆಗೆದುಹಾಕಿ. ಕನ್ನಡ ಬಂದರೆ ಸಾಲದೆ?

ಎರಡು, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರ ಹೆಸರನ್ನು 30 ದಿನ ಮೊದಲೇ ಕಚೇರಿಯ ಗೋಡೆಗೆ ಅಂಟಿಸುವ ನಿಯಮವಿದೆ. ತಡೆಯಬೇಕೆನ್ನುವವರಿಗೆ ಅದು ವಿಳಾಸ ಕೊಟ್ಟಂತೆ. ಅದು ಹೋಗಬೇಕು, ಯಾವ ಮತಕ್ಕೂ ಸೇರದವರಿಗೆ ಅನ್ವಯಿಸುವ ಉತ್ತರಾಧಿಕಾರದ ಕಾನೂನು ಬರಬೇಕು ಎಂದು ನಮ್ಮ ಊರಿನ ಜನಪ್ರತಿನಿಧಿಗಳಿಗೆ ಬರೆಯೋಣ. ದೂರದಲ್ಲಿದ್ದೇವೆ ಎಂಬುದು ನೆಪವಾಗಬಾರದು.

ಮೂರನೆಯದು ನಾನು ಕಲಿತ ಪಾಠ. ಯಾರಾದರೂ ನಿಮ್ಮಲ್ಲಿ ಹೀಗೆ ಹೇಳಿಕೊಂಡರೆ ಕೇಳಿಸಿಕೊಳ್ಳಿ, ಅಲ್ಲಿಗೇ ಬಿಡಿ. ಅದು ನಿಮ್ಮ ವಾದಕ್ಕೆ ಸಾಕ್ಷಿಯಲ್ಲ.

ಕಳೆದ ರಂಜಾನ್ ಹಬ್ಬದ ದಿನ ಆ ಗೆಳೆಯನ ಮನೆಗೆ ಹೋಗಿದ್ದೆ. ಉಮ್ಮ ವೀಡಿಯೋ ಕರೆಯಲ್ಲಿದ್ದರು. "ನಮಾಜಿಗೆ ಹೋಗಿದ್ದೆಯಾ ಮಗಾ?" ಎಂದು ಕೇಳಿದರು. ಅವನು ಒಂದು ಗಳಿಗೆ ನನ್ನ ಮುಖ ನೋಡಿ, "ಬಿರಿಯಾನಿ ಮಾಡಿದ್ದೇನೆ ಉಮ್ಮ, ನೀವು ಹೇಳಿಕೊಟ್ಟ ಹಾಗೇ" ಎಂದ. ಉಮ್ಮ ಮತ್ತೆ ಕೇಳಲಿಲ್ಲ. ಅವರಿಗೆ ಎಷ್ಟು ಗೊತ್ತಿದೆಯೋ, ಅದನ್ನು ತಾಯಿ ಮಗ ಅವರವರೇ ತೀರ್ಮಾನಿಸಿಕೊಳ್ಳಲಿ. ನಾನು ಸುಮ್ಮನೆ ತಟ್ಟೆ ತೊಳೆಯಲು ಎದ್ದೆ.

ನಿಮ್ಮ ಅನಿಸಿಕೆಗಳನ್ನು ತಪ್ಪದೆ ಬರೆಯಿರಿ. ನಿಮ್ಮದೇ ಅನುಭವವಾಗಿದ್ದರೆ ಹೆಸರು ಹಾಕಲೇಬೇಕೆಂದಿಲ್ಲ. ಇನ್ನೊಬ್ಬರದಾಗಿದ್ದರೆ, ದಯವಿಟ್ಟು ಮೊದಲು ಅವರನ್ನು ಕೇಳಿ.

ಇಂತಿ ನಿಮ್ಮ,
ಸಂಪಾದಕ