ಕಲೀಲಿ ಅನ್ನೋರು ಕಲಿಸ್ತಾರಾ?

"ನಾವೆಲ್ಲ ಇಂಗ್ಲಿಷ್ ಕಲಿತೇ ಬಂದಿಲ್ವಾ? ಇವರಿಗೇನು ಧಾಡಿ?"

ಇಲ್ಲಿ ಅಮೆರಿಕದಲ್ಲಿರೋ ನಮ್ಮ ಕನ್ನಡದವರ ಬಾಯಲ್ಲಿ ಈ ಮಾತನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಟ್ಟಿಲ್ಲ. ಯುಗಾದಿ ಊಟದ ಪಂಕ್ತಿಯಲ್ಲಿ, ಮಕ್ಕಳ ಹುಟ್ಟುಹಬ್ಬದ ಪಾರ್ಟಿಯಲ್ಲಿ, ಆಫೀಸಿಗೆ ಹೋಗೋ ಕಾರಿನಲ್ಲಿ.... 'ಇವರು' ಅಂದ್ರೆ ಯಾರು ಗೊತ್ತಲ್ಲ? ಮೆಕ್ಸಿಕೋ, ಗ್ವಾಟೆಮಾಲಾ ಕಡೆಯಿಂದ ಬಂದು ನಮ್ಮ ಮನೆ ಮುಂದಿನ ಹುಲ್ಲು ಕತ್ತರಿಸೋರು, ಸೂರು ರಿಪೇರಿ ಮಾಡೋರು, ಹೋಟೆಲಿನ ಹಿಂದ್ಗಡೆ ಪಾತ್ರೆ ತೊಳೆಯೋರು. 2025ರ ಮಾರ್ಚ್ 1ರಂದು ಟ್ರಂಪ್ ಸಾಹೇಬರು ಇಂಗ್ಲಿಷೇ ಈ ದೇಶದ ಅಧಿಕೃತ ಭಾಷೆ ಅಂತ ಆದೇಶಕ್ಕೆ ಸಹಿ ಹಾಕಿದ ಮೇಲಂತೂ ಈ ಮಾತಿಗೆ ಹೊಸ ಹುರುಪು ಬಂದುಬಿಟ್ಟಿದೆ.

ನನ್ನ ನಿಲುವು ಏನು ಅಂತ ಮೊದಲೇ ಹೇಳಿಬಿಡ್ತೀನಿ. ವಲಸೆ ಬಂದವರು ಬಂದ ಊರಿನ ಭಾಷೆ ಕಲೀಬೇಕು ಅನ್ನೋದಕ್ಕೆ ನನ್ನ ವಿರೋಧ ಖಂಡಿತ ಇಲ್ಲ. ಬೆಂಗಳೂರಿಗೆ ಬಂದು ಹತ್ತು ವರ್ಷ ಆದ್ರೂ "ಕನ್ನಡ್ ಗೊತ್ತಿಲ್ಲ" ಅನ್ನೋರನ್ನ ಕಂಡು ಉರ್ಕೊಳ್ಳೋ ನಾನು, ಇಲ್ಲಿಗೆ ಬಂದು ಬೇರೆ ರಾಗ ಹಾಡಿದ್ರೆ ಅದು ನ್ಯಾಯ ಅಲ್ಲ. ನನ್ನ ತಕರಾರು ಬೇರೆ. ಕಲೀಲಿ ಅಂತ ನಿರೀಕ್ಷೆ ಮಾಡೋನು ಕಲಿಸೋ ಭಾರವನ್ನೂ ಹೊರಬೇಕು. ಹೊರೋದಿಲ್ಲ ಅಂದ್ರೆ ಅದು ನಿರೀಕ್ಷೆ ಅಲ್ಲ, ಬೇಲಿ.

'ನಾವು ಕಲಿತು ಬಂದ್ವಿ' ಅನ್ನೋದನ್ನೇ ಸ್ವಲ್ಪ ಬಿಡಿಸಿ ನೋಡೋಣ. ಇಂಗ್ಲಿಷನ್ನ ನಾವು ಇಲ್ಲಿಗೆ ಬರೋಕೆ ಅಂತ ಕಲಿತದ್ದಾ? ಬ್ರಿಟಿಷರು ಬಿಟ್ಟುಹೋದ ಶಾಲೆ-ಕಾಲೇಜು, ಅಪ್ಪ ಸಾಲ ಮಾಡಿ ಕಟ್ಟಿದ ಕಾನ್ವೆಂಟ್ ಫೀಸು, ಇಂಗ್ಲಿಷಲ್ಲೇ ಓದಿದ ಇಂಜಿನಿಯರಿಂಗು - ಇವೆಲ್ಲ ಸೇರಿ ನಮ್ಮ ಬಾಯಿಗೆ ಇಂಗ್ಲಿಷ್ ತುರುಕಿದವು. ಹದಿನೈದು-ಇಪ್ಪತ್ತು ವರ್ಷ, ಅದೂ ಹೊಟ್ಟೆ ತುಂಬಿದ ವಿದ್ಯಾರ್ಥಿಯಾಗಿ ಕೂತು ಕಲಿತದ್ದು. ದಿನಕ್ಕೆ ಹತ್ತು ಗಂಟೆ ಸೂರಿನ ಮೇಲೆ ಬಿಸಿಲಲ್ಲಿ ನಿಂತು ಬಂದವನು ರಾತ್ರಿ ಎಂಟಕ್ಕೆ ಕ್ರಿಯಾಪದ ಕಲೀಬೇಕು. ಇಬ್ಬರನ್ನೂ ಒಂದೇ ತಕ್ಕಡೀಲಿ ಹಾಕಿ ತೂಗೋದು ಯಾವ ನ್ಯಾಯ ಸ್ವಾಮಿ?

ಇನ್ನೊಂದು ವಿಷಯ. ಇಂಗ್ಲಿಷ್ ಕಲೀಬೇಕು ಅನ್ನೋ ನಿರೀಕ್ಷೆ ಇಲ್ಲಿನ ಕಾನೂನಿನಲ್ಲಿ ಆಗಲೇ ಇದೆ. ನಾಗರಿಕತ್ವ ಬೇಕಾದ್ರೆ ಇಂಗ್ಲಿಷ್ ಮಾತಾಡಲು ಬರಬೇಕು ಅಂತ 1906ರಲ್ಲೇ ಕಾನೂನಾಯ್ತು. 1950ರಲ್ಲಿ ಓದು, ಬರಹವೂ ಸೇರಿತು. ಗ್ರೀನ್ ಕಾರ್ಡ್ ಇಟ್ಕೊಂಡು ಇಪ್ಪತ್ತು ವರ್ಷ ಇದ್ದು ಐವತ್ತು ದಾಟಿದವರಿಗೆ, ಹದಿನೈದು ವರ್ಷ ಇದ್ದು ಐವತ್ತೈದು ದಾಟಿದವರಿಗೆ ವಿನಾಯಿತಿ ಇದೆ. ಇದು ನನಗೆ ಒಪ್ಪಿಗೆಯಾಗೋ ಕಾನೂನು. ಕಲಿಯೋಕೆ ವರ್ಷಗಳ ಕಾಲಾವಕಾಶ ಕೊಡುತ್ತೆ, ವಯಸ್ಸಾದವರಿಗೆ ದಯೆ ತೋರಿಸುತ್ತೆ.

ಹಾಗಾದ್ರೆ 2025ರ ಆದೇಶ ಹೊಸದಾಗಿ ಏನು ಮಾಡ್ತು? 2000ದಲ್ಲಿ ಕ್ಲಿಂಟನ್ ಹೊರಡಿಸಿದ್ದ ಆದೇಶವೊಂದನ್ನ ರದ್ದು ಮಾಡ್ತು. ಕೇಂದ್ರ ಸರ್ಕಾರದ ಕಚೇರಿಗಳು, ಅದರ ದುಡ್ಡು ಪಡೆಯೋ ಸಂಸ್ಥೆಗಳು ಇಂಗ್ಲಿಷ್ ಸರಿಯಾಗಿ ಬಾರದವರಿಗೆ ಭಾಷೆಯ ನೆರವು ಕೊಡಬೇಕು ಅಂತಿದ್ದ ಆದೇಶ ಅದು. ಹೊಸ ಆದೇಶದಲ್ಲಿ ಒಂದೇ ಒಂದು ಇಂಗ್ಲಿಷ್ ತರಗತಿ ತೆರೆಯೋ ಮಾತಿಲ್ಲ. ಅಷ್ಟೇ ಅಲ್ಲ, ಅದೇ ವರ್ಷ ಶ್ವೇತಭವನ ಮುಂದಿಟ್ಟ 2026ರ ಬಜೆಟ್ ಪ್ರಸ್ತಾವದಲ್ಲಿ, ಇಂಗ್ಲಿಷ್ ಬಾರದ ಶಾಲಾ ಮಕ್ಕಳಿಗೆ ಇಂಗ್ಲಿಷ್ ಕಲಿಸೋಕೆ ಅಂತಿದ್ದ ಸುಮಾರು 890 ಮಿಲಿಯನ್ ಡಾಲರ್ ಅನುದಾನವನ್ನೇ ತೆಗೆದುಹಾಕಬೇಕು ಅಂತ ಇತ್ತು! ಒಂದು ಕೈಯಲ್ಲಿ 'ಇಂಗ್ಲಿಷ್ ಕಲೀರಿ' ಅನ್ನೋ ಬೋರ್ಡು, ಇನ್ನೊಂದು ಕೈಯಲ್ಲಿ ಶಾಲೆ ಬಾಗಿಲಿಗೆ ಬೀಗ.

ಈ ಭಯವೂ ಹೊಸದಲ್ಲ. 1751ರಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ಪೆನ್ಸಿಲ್ವೇನಿಯಾದ ಜರ್ಮನರ ಬಗ್ಗೆ ಗೊಣಗಿದ್ದ - ಇವರು ನಮ್ಮ ಹಾಗೆ ಆಗೋ ಬದಲು ನಮ್ಮನ್ನೇ ಜರ್ಮನರನ್ನಾಗಿ ಮಾಡ್ತಾರೆ ಅಂತ. ತಮಾಷೆ ಏನು ಗೊತ್ತಾ? 1732ರಲ್ಲಿ ಜರ್ಮನ್ ಭಾಷೆಯ ಪತ್ರಿಕೆಯೊಂದನ್ನ ಅಚ್ಚು ಹಾಕಿ ಮಾರಿದ್ದವನೂ ಇದೇ ಫ್ರಾಂಕ್ಲಿನ್ನೇ :-) 1918ರಲ್ಲಿ, ಮೊದಲ ಮಹಾಯುದ್ಧದ ಸಮಯ, ಅಯೋವಾ ರಾಜ್ಯದ ಗವರ್ನರು ಶಾಲೆ, ರೈಲು, ಚರ್ಚು, ಕೊನೆಗೆ ಟೆಲಿಫೋನಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಅಂತ ಘೋಷಣೆ ಹೊರಡಿಸಿದ. ನೆಬ್ರಾಸ್ಕದಲ್ಲಿ ಎಂಟನೇ ಕ್ಲಾಸು ಮುಗಿಸದ ಮಕ್ಕಳಿಗೆ ಬೇರೆ ಭಾಷೆ ಕಲಿಸೋದೇ ಅಪರಾಧ ಅಂತ 1919ರಲ್ಲಿ ಕಾನೂನು ಬಂತು. ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ ಮೇಯರ್ ಅನ್ನೋ ಮೇಷ್ಟ್ರಿಗೆ ಶಿಕ್ಷೆಯೂ ಆಯ್ತು. 1923ರಲ್ಲಿ ಸುಪ್ರೀಂ ಕೋರ್ಟು ಅದನ್ನ ಹೊಡೆದುಹಾಕಿತು. ಎಲ್ಲರಿಗೂ ಇಂಗ್ಲಿಷ್ ಬಂದ್ರೆ ಒಳ್ಳೇದೇ, ಆದ್ರೆ ಸಂವಿಧಾನ ಮೀರಿ ಬಲವಂತ ಮಾಡೋ ಹಾಗಿಲ್ಲ ಅನ್ನೋದು ಆ ತೀರ್ಪಿನ ಸಾರ. ನೂರು ವರ್ಷ ಹಳೇ ಮಾತು, ಈಗಲೂ ಅದಕ್ಕಿಂತ ಚೆನ್ನಾಗಿ ಹೇಳೋದು ಕಷ್ಟ.

'ಇವರಿಗೆ ಕಲಿಯೋ ಮನಸ್ಸೇ ಇಲ್ಲ' ಅನ್ನೋರು ಇನ್ನೊಂದು ಕೇಸನ್ನ ಓದಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳನ್ನ ಯಾವ ನೆರವೂ ಇಲ್ಲದೆ ಇಂಗ್ಲಿಷ್ ತರಗತಿಗಳಲ್ಲಿ ಸುಮ್ಮನೆ ಕೂರಿಸಿದ್ರು. ಕೋರ್ಟಿಗೆ ಹೋದವರು ಯಾರು? ಆ ಮಕ್ಕಳ ಕಡೆಯವರೇ! ಅವರ ಅಳಲು ಏನು? ನಮ್ಮ ಮಕ್ಕಳಿಗೆ ಇಂಗ್ಲಿಷ್ ಅರ್ಥವಾಗ್ತಿಲ್ಲ, ಯಾರೂ ಕಲಿಸ್ತಿಲ್ಲ ಅಂತ! 1974ರಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಒಂದೇ ಪುಸ್ತಕ, ಒಂದೇ ಮೇಷ್ಟ್ರು ಕೊಟ್ಟ ಮಾತ್ರಕ್ಕೆ ಸಮಾನತೆ ಆಗೋಲ್ಲ ಅಂತು. ಕನ್ನಡ ಮೀಡಿಯಂನಿಂದ ಪಿಯುಸಿಗೆ ಬಂದು ಫಿಸಿಕ್ಸ್ ಕ್ಲಾಸಲ್ಲಿ ಪಿಳಿಪಿಳಿ ಕಣ್ಣು ಬಿಟ್ಟೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಭಾಷೆಯನ್ನ ಬೇಲಿ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಆಸ್ಟ್ರೇಲಿಯಾ ಸಾಕ್ಷಿ. ಅಲ್ಲಿ 1901ರಿಂದ 1958ರವರೆಗೆ ವಲಸಿಗರಿಗೆ ಉಕ್ತಲೇಖನದ ಪರೀಕ್ಷೆ ಇತ್ತು. ಬೇಡದವರು ಬಂದ್ರೆ ಅವರಿಗೆ ಬಾರದ ಭಾಷೇಲಿ ಐವತ್ತು ಪದ ಬರೆಸಿ ಫೇಲ್ ಮಾಡೋದು, ಅಷ್ಟೇ. 1934ರಲ್ಲಿ ಎಗೋನ್ ಕಿಶ್ ಅನ್ನೋ ಪ್ರಾಗ್‌ನ ಪತ್ರಕರ್ತ ಬಂದ. ಹಲವು ಭಾಷೆ ಬಲ್ಲವನು. ಅಧಿಕಾರಿಗಳು ಸ್ಕಾಟಿಷ್ ಗೇಲಿಕ್ ಭಾಷೇಲಿ ಪರೀಕ್ಷೆ ಕೊಟ್ರು! ಕೊನೆಗೆ ಅಲ್ಲಿನ ಹೈಕೋರ್ಟೇ ಇದು ನಡೆಯೋಲ್ಲ ಅಂತು. ಆ ಪರೀಕ್ಷೆಯಿಂದ ಯಾರಾದ್ರೂ ಒಂದಕ್ಷರ ಕಲಿತ್ರಾ?

ಬ್ರಿಟನ್ನಿನದು ಇನ್ನೊಂದು ಕತೆ. 2016ರ ಜನವರಿಯಲ್ಲಿ ಪ್ರಧಾನಿ ಕ್ಯಾಮರೂನ್, ಗಂಡ ಅಥವಾ ಹೆಂಡತಿಯ ವೀಸಾದ ಮೇಲೆ ಬಂದವರು ಇಂಗ್ಲಿಷ್ ಸುಧಾರಿಸಿಕೊಳ್ಳದಿದ್ರೆ ದೇಶದಲ್ಲಿ ಉಳಿಯೋದು ಖಾತ್ರಿ ಇಲ್ಲ ಅಂತ ಎಚ್ಚರಿಸಿದ್ರು. ಕಲಿಸೋಕೆ 20 ಮಿಲಿಯನ್ ಪೌಂಡ್ ಕೊಡ್ತೀವಿ ಅಂತಲೂ ಅಂದ್ರು. ಆದ್ರೆ ಅವರ ಆಡಳಿತದಲ್ಲೇ, 2010ರಿಂದ ಈಚೆಗೆ, ಇಂಗ್ಲೆಂಡಿನಲ್ಲಿ ವಲಸಿಗರ ಇಂಗ್ಲಿಷ್ ತರಗತಿಗಳ ಅನುದಾನ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಬಾವಿಗೆ ಮಣ್ಣು ತುಂಬಿಸಿ, ಕೈಗೊಂದು ಚೊಂಬು ಕೊಟ್ಟ ಹಾಗೆ.

ನಾನು ಶನಿವಾರ ಬೆಳಿಗ್ಗೆ ನಮ್ಮೂರ ಲೈಬ್ರರಿಯಲ್ಲಿ ಇಂಗ್ಲಿಷ್ ಮಾತಾಡಿಸೋ ತರಗತಿಗೆ ಹೋಗಿ ಕೂರ್ತೀನಿ. ಸಂಬಳ ಇಲ್ಲ, ಕಾಫಿ ಉಂಟು. ಹನ್ನೆರಡು ಕುರ್ಚಿ, ಕಾಯೋರ ಪಟ್ಟಿ ಅದಕ್ಕಿಂತ ಉದ್ದ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಬರೋರಿದ್ದಾರೆ, ಎರಡು ಬಸ್ ಬದಲಿಸಿ ಬರೋ ಅಜ್ಜಿ ಇದ್ದಾರೆ. ಅವರು ಮೊದಲು ಕೇಳೋ ಪದಗಳು ಯಾವುವು ಗೊತ್ತಾ? ನೋವು ಎಲ್ಲಿ, ಬಾಡಿಗೆ ಎಷ್ಟು, ಸಂಬಳ ಯಾಕೆ ಕಮ್ಮಿ ಬಂತು. ಇವರಿಗೆ ಇಂಗ್ಲಿಷಿನ ಮಹತ್ವ ಬೋಧಿಸೋರನ್ನ ಒಂದು ಶನಿವಾರ ಕರ್ಕೊಂಡು ಹೋಗಿ ಕೂರಿಸಬೇಕು ಅನ್ಸುತ್ತೆ.

ಇಂಗ್ಲಿಷ್ ಕಲಿಯೋ ತನಕ ಕಾಯಿಲೆ ಕಾಯೋಲ್ಲ, ಕೋರ್ಟಿನ ನೋಟೀಸೂ ಕಾಯೋಲ್ಲ. ಮಗನ ಹತ್ರ ಇರೋಣ ಅಂತ ಹಾಸನದಿಂದಲೋ ಧಾರವಾಡದಿಂದಲೋ ಬಂದ ನಮ್ಮ ಅಮ್ಮಂದಿರು ಇಲ್ಲಿನ ಆಸ್ಪತ್ರೆಯಲ್ಲಿ ಎದೆ ನೋವನ್ನ ಯಾವ ಭಾಷೇಲಿ ಹೇಳಬೇಕು? ಆಗ ನಮಗೆ ದುಭಾಷಿ ಬೇಕು. ಪಕ್ಕದ ಮಂಚದ ಗ್ವಾಟೆಮಾಲಾದ ತಾಯಿಗೆ ಬೇಡವಾ?

ಹಾಗಾದ್ರೆ ಬೆಂಗಳೂರು? ಅಳತೆಗೋಲು ಒಂದೇ, ಆದ್ರೆ ಪರಿಸ್ಥಿತಿ ಒಂದೇ ಅಲ್ಲ. ಇಲ್ಲಿ ಇಂಗ್ಲಿಷಿನ ಹಿಂದೆ ದುಡ್ಡು, ಕೆಲಸ, ಅಧಿಕಾರ ಎಲ್ಲ ಇದೆ. ಬಂದವನ ಮಕ್ಕಳು ತಾನಾಗೇ ಇಂಗ್ಲಿಷ್ ಆಡ್ತವೆ, ಮೊಮ್ಮಕ್ಕಳಿಗೆ ಅಜ್ಜಿಯ ಭಾಷೆಯೇ ಬರೋಲ್ಲ. ನಂಬಿಕೆ ಇಲ್ದಿದ್ರೆ ನಮ್ಮ ಭಾನುವಾರದ ಕನ್ನಡ ಶಾಲೆಗಳನ್ನ ನೋಡಿ. ಬೆಂಗಳೂರಲ್ಲಿ ಕನ್ನಡ ಇಲ್ಲದೆ ಸಂಬಳ, ಮನೆ, ಮದುವೆ ಎಲ್ಲ ಆಗಿಹೋಗುತ್ತೆ. ಅದಕ್ಕೇ ಅಲ್ಲಿ ಕೇಳೋದು ಇನ್ನೂ ನ್ಯಾಯ, ಕಲಿಸೋದು ಇನ್ನೂ ಅಗತ್ಯ. ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕು ಅನ್ನೋ 2015ರ ಕಾಯ್ದೆ ನಮ್ಮದೇ ಇದೆ. ಅದನ್ನ ನೆಟ್ಟಗೆ ಜಾರಿ ಮಾಡಿಸೋದು ಆಟೋ ಸ್ಟ್ಯಾಂಡಿನ ಜಗಳಕ್ಕಿಂತ ದೊಡ್ಡ ಕನ್ನಡದ ಕೆಲಸ.

ಕೇಳೋ ಹಕ್ಕು ಕಲಿಸೋನಿಗೆ ಇರಲಿ. ಮುಂದಿನ ಸಲ ಯಾರಾದ್ರೂ "ಇವರಿಗೇನು ಧಾಡಿ" ಅಂದ್ರೆ, ನೀವು ಎಷ್ಟು ಜನಕ್ಕೆ ಕಲಿಸಿದ್ರಿ ಸಾರ್ ಅಂತ ಕೇಳಿ ನೋಡಿ. ಏನಂತೀರಿ?