ಫೋಟೋ ಇಲ್ಲದ ಬ್ಲ್ಯಾಕ್ ಹೋಲ್‌ಗೆ ಲೈಕ್ ಕೊಡ್ತೀರಾ? (ಭಾಗ 6)

ಮೊದಲೇ ಹೇಳ್ಬಿಡ್ತೀನಿ, ಈ ಸಲದ ಚಿತ್ರ ನೋಡಿ ಬೈಬೇಡಿ. ಬರೀ ಕಪ್ಪು ಚೌಕ. ಬೇಕಂತಲೇ ಹಾಕಿದ್ದು.

2019ರಲ್ಲಿ ಎಂ87 ಗ್ಯಾಲಕ್ಸಿಯ ಕಪ್ಪುಕುಳಿ ಫೋಟೋ ಬಂದಾಗ ನಾವೆಲ್ಲ ಇನ್ನೂ ಸ್ಕೂಲಲ್ಲಿದ್ವಿ. ಆ ಕಿತ್ತಳೆ ಬಣ್ಣದ ಉಂಗುರ ಎಲ್ಲರ ಸ್ಟೇಟಸ್‌ನಲ್ಲೂ ಇತ್ತು. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದ್ರೆ ನನ್ನ ಕೇಳಿದ್ರೆ ಅದಕ್ಕಿಂತ ದೊಡ್ಡ ಮಜಾ 2007ರಲ್ಲಿ ಆಗಿತ್ತು. ಅವತ್ತು ನೂರಾರು ಕಪ್ಪುಕುಳಿಗಳು ಸಿಕ್ಕಿಬಿದ್ದವು, ಒಂದರದ್ದೂ ಫೋಟೋ ಇಲ್ಲ. ಸಿಕ್ಕಿಬಿದ್ದಿದ್ದು ಲೆಕ್ಕ ತಾಳೆ ಆಗದೆ. ಬಿಕಾಂನವರೇ, ಈಗ ಕಿವಿ ನಿಮಿರಿತಾ?

ಫ್ರಾನ್ಸಿನಲ್ಲಿ ಕೆಲಸ ಮಾಡುವ ಎಮಾನುಯೆಲೆ ದಾದ್ದಿ ಮತ್ತವರ ತಂಡ ಸುಮಾರು 1000 ಗ್ಯಾಲಕ್ಸಿಗಳನ್ನು ನೋಡ್ತಿತ್ತು. ಅಲ್ಲಿಂದ ಬೆಳಕು ನಮ್ಮ ಹತ್ರ ಬರೋಕೆ 900ರಿಂದ 1100 ಕೋಟಿ ವರ್ಷ ಬೇಕು. ದೂಳು ತುಂಬಿದ, ಭರ್ಜರಿಯಾಗಿ ನಕ್ಷತ್ರ ಹೆರ್ತಿರೋ ಗ್ಯಾಲಕ್ಸಿಗಳು. ಹೊಟ್ಟೆಬಾಕ ಕಪ್ಪುಕುಳಿ ಇವುಗಳಲ್ಲಿಲ್ಲ ಅಂತಲೇ ಎಲ್ಲರ ನಂಬಿಕೆ.

ಒಂದು ಗ್ಯಾಲಕ್ಸಿ ಎಷ್ಟು ನಕ್ಷತ್ರ ಮಾಡ್ತಿದೆ ಅಂತ ಎರಡು ದಾರಿಯಲ್ಲಿ ಲೆಕ್ಕ ಹಾಕಬಹುದು. ಎಳೆ ನಕ್ಷತ್ರಗಳ ಅತಿನೇರಳೆ ಬೆಳಕು ಒಂದು. ಆ ಬೆಳಕನ್ನ ನುಂಗಿ ಬಿಸಿಯಾದ ದೂಳು ಹೊರಗೆ ಬಿಡೋ ಅವಕೆಂಪು ಬೆಳಕು ಇನ್ನೊಂದು. ಡೆಬಿಟ್, ಕ್ರೆಡಿಟ್ ಅಂದ್ಕೊಳ್ಳಿ, ಎರಡೂ ಹೆಚ್ಚುಕಮ್ಮಿ ಸರಿಹೋಗಬೇಕು. ಸ್ಪಿಟ್ಜರ್ ದೂರದರ್ಶಕದಲ್ಲಿ ನೋಡಿದ್ರೆ ಸುಮಾರು 200 ಗ್ಯಾಲಕ್ಸಿಗಳಲ್ಲಿ ಅವಕೆಂಪು ಜಾಸ್ತಿ. ನಕ್ಷತ್ರಗಳ ಖಾತೆಗೆ ಹಾಕೋಕೆ ಆಗದಷ್ಟು ಜಾಸ್ತಿ. ಹಾಗಾದ್ರೆ ಒಳಗೆ ದೂಳನ್ನ ಇನ್ನೂ ಜೋರಾಗಿ ಕಾಯಿಸ್ತಿರೋದು ಯಾರು?

ಸಾಕ್ಷಿ ಕೇಳೋಕೆ ಚಂದ್ರಾ ಎಕ್ಸ್‌ರೇ ದೂರದರ್ಶಕದ ಹತ್ರ ಹೋದರು. (ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನದ್ದು. ಇದು ಗೊತ್ತಿಲ್ಲದವರು ಕ್ಲಾಸಲ್ಲಿ ಇನ್ನೂ ಇದ್ದೀರಿ!) ಒಂದೊಂದೇ ಗ್ಯಾಲಕ್ಸಿ ನೋಡಿದ್ರೆ ಏನೂ ಕಾಣಲ್ಲ. ಅದಕ್ಕೆ ಎಲ್ಲದರ ಚಿತ್ರಗಳನ್ನೂ ಒಂದರ ಮೇಲೊಂದು ಪೇರಿಸಿ ಕೂಡಿದರು. ಆಗ ಬಂತು ಎಕ್ಸ್‌ರೇ. ಅದರಲ್ಲೂ ಶಕ್ತಿ ಜಾಸ್ತಿ ಇರೋವೇ ಎದ್ದು ಕಂಡವು. ಮೆತ್ತನೆಯ ಎಕ್ಸ್‌ರೇ ಎಲ್ಲ ದಟ್ಟ ಅನಿಲದ ಗೋಡೆಯಲ್ಲೇ ಸತ್ತು, ಗಟ್ಟಿಯಾದವು ಮಾತ್ರ ದಾಟಿ ಬಂದಿವೆ ಅಂತ ಅರ್ಥ. ಗೋಡೆಯ ಆಚೆ ದೈತ್ಯ ಕಪ್ಪುಕುಳಿ ಉಣ್ಣುತ್ತಾ ಕೂತಿದೆ.

ಆಮೇಲೆ ಚಂದ್ರಾ ಇನ್ನೂ ಹೆಚ್ಚು ಹೊತ್ತು ಕಣ್ಣು ನೆಟ್ಟಾಗ ರೀ-ಆಡಿಟ್ ಕೂಡ ಆಯ್ತು. ಕೆಲವು ನಿಜಕ್ಕೂ ಅಡಗಿದ್ದವೇ, ಇನ್ನು ಕೆಲವು ಅಷ್ಟೇನೂ ಅಡಗಿರಲಿಲ್ಲ, ಉಳಿದ ಕೆಲವು ಬರೀ ನಕ್ಷತ್ರ ಹೆರೋ ಗ್ಯಾಲಕ್ಸಿಗಳು. ನಂಗೆ ಇದರಿಂದ ಶೋಧದ ಮೇಲೆ ಗೌರವ ಇನ್ನೂ ಜಾಸ್ತಿ ಆಯ್ತು. ಉಂಗುರದ ಫೋಟೋ ಒಂದು ಸಲ ವೈರಲ್ ಆಗಿ ಮುಗೀತು. ಈ ಲೆಕ್ಕವನ್ನ ಮಾತ್ರ ಜನ ವರ್ಷಗಟ್ಟಲೆ ತಿದ್ದುತ್ತಾ ಕೂತರು.

'ಕಾಮರ್ಸ್ ತಗೊಂಡ್ಮೇಲೆ ನಿಂಗ್ಯಾಕೆ ಇದೆಲ್ಲ?' ಅಂತ ಮೆಸೇಜ್ ಮಾಡೋರಿಗೆ ಒಂದು ಮಾತು. ಮೊನ್ನೆ ನನ್ನ ಟ್ರಯಲ್ ಬ್ಯಾಲೆನ್ಸ್‌ನಲ್ಲಿ 270 ರೂಪಾಯಿ ವ್ಯತ್ಯಾಸ ಬಂತು. ಸಸ್ಪೆನ್ಸ್ ಅಕೌಂಟಿಗೆ ತಳ್ಳಿ ಮಲಗೋಣ ಅಂದ್ಕೊಂಡೆ. ಆದ್ರೆ 270 ಒಂಬತ್ತರಿಂದ ಭಾಗ ಆಗುತ್ತೆ, ಅಂದ್ರೆ ಎಲ್ಲೋ ಅಂಕಿ ಅದಲುಬದಲು ಆಗಿರಬಹುದು. ಹುಡುಕಿದ್ರೆ 630 ಬರೆಯೋ ಕಡೆ 360 ಬರೆದಿದ್ದೆ. ಆ ರಾತ್ರಿನೇ ನಂಗೆ ದಾದ್ದಿ ತಂಡದ ಆ 200 ಗ್ಯಾಲಕ್ಸಿಗಳ ಕಥೆ ಸರಿಯಾಗಿ ಅರ್ಥ ಆಗಿದ್ದು.

ಮುಂದಿನ ಭಾಗ: ವೆಬ್ ದೂರದರ್ಶಕಕ್ಕೆ ಸಿಕ್ಕ ಪುಟ್ಟ ಕೆಂಪು ಚುಕ್ಕೆಗಳು. ಒಳಗಿರೋದು ಕಪ್ಪುಕುಳಿಯಾ, ನಕ್ಷತ್ರಗಳಾ ಅಂತ ಜಗಳ ನಡೀತಿದೆ. ನಿಮ್ಮ ಊಹೆ ಕಾಮೆಂಟಲ್ಲಿ ಹಾಕಿ, ಬಾಜಿ ಒಂದು ಪ್ಲೇಟ್ ಗೋಬಿ.